ಮಗುವನ್ನು ಎತ್ತಿಕೊಂಡು ಹೋದವರ ಹಿಂದೆ ನ್ಯಾಯಾಲಯ ಹೋಗಬಾರದು

ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯವರಿಗೆ ಮಡಕಶಿರಾ ಸೀಮೆಯೂ ದೂರವಲ್ಲ. ಈ ಭಾಗದಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧಗಳು ರಾಜ್ಯದ ಗಡಿಗಿಂತ ಹಳೆಯವು. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಬೀಗತನ ಅದಕ್ಕೂ ಮೊದಲೇ ಇತ್ತು, ಅದರಾಚೆಗೂ ನಿಲ್ಲಲಿಲ್ಲ. ಅಂಥದೊಂದು ಸಂಸಾರ ಮುರಿದು, ತಂದೆ ಗಡಿಯ ಈಚೆ, ತಾಯಿ ಗಡಿಯ ಆಚೆ ಆಗಿ, ಮಗು ಯಾರ ಬಳಿ ಇರಬೇಕೆಂದು ಚಿತ್ರದುರ್ಗದಲ್ಲೊಂದು, ಅನಂತಪುರದಲ್ಲೊಂದು ಅರ್ಜಿ ಬಿತ್ತು ಎಂದಿಟ್ಟುಕೊಳ್ಳಿ. ಆ ಎರಡು ಅರ್ಜಿಗಳನ್ನು ಒಂದೇ ಕಡೆ ತರುವ ಅಧಿಕಾರ ಬೆಂಗಳೂರಿನ ಹೈಕೋರ್ಟಿಗಿಲ್ಲ, ಅಮರಾವತಿಯ ಹೈಕೋರ್ಟಿಗೂ ಇಲ್ಲ. ಒಂದು ರಾಜ್ಯದ ಪ್ರಕರಣವನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಹಿಡಿದು ಸುಪ್ರೀಂ ಕೋರ್ಟಿಗೇ ಹೋಗಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. ಇದೇ ಜಗಳ ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ ನಡೆದಿದ್ದರೆ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮುಗಿಯುತ್ತಿತ್ತು. ಮೊಳಕಾಲ್ಮೂರಿಗೂ ರಾಯದುರ್ಗಕ್ಕೂ ನಡುವೆ ನಡೆದರೆ ಎರಡು ಸಾವಿರ ಕಿಲೋಮೀಟರ್ ಆಚೆಯ ದೆಹಲಿಗೆ ವಕೀಲರನ್ನು ಹುಡುಕಿಕೊಂಡು ಹೋಗಬೇಕು. ರೇಷ್ಮೆ ಸೀರೆ ನೇಯುವವರು, ಕುರಿ ಕಾಯುವವರು, ದಾಳಿಂಬೆ ತೋಟದಲ್ಲಿ ಕೂಲಿ ಮಾಡುವವರು ದೆಹಲಿಗೆ ಹೋಗುವುದಿಲ್ಲ. ಅವರು ಸೋಲೊಪ್ಪಿಕೊಳ್ಳುತ್ತಾರೆ. ಆಗ ಮಗು ಯಾರ ಕೈಗೆ ಸಿಕ್ಕಿತ್ತೋ ಅವರದ್ದಾಗುತ್ತದೆ.

ಇದು ಅನ್ಯಾಯ. ಇದನ್ನು ಮುಂದುವರಿಯಲು ಬಿಟ್ಟ ಹೊಣೆ ಸಂಸತ್ತಿನದು, ಎರಡನೆಯದಾಗಿ ನ್ಯಾಯಾಂಗದ್ದು.

ಕಾನೂನನ್ನೇ ನೋಡೋಣ. ಮಕ್ಕಳ ಸುಪರ್ದಿಯ ಅರ್ಜಿಗಳು ಇವತ್ತಿಗೂ ನಿಂತಿರುವುದು 1890ರ ಪಾಲಕರು ಮತ್ತು ಪಾಲಿತರ ಕಾಯಿದೆಯ ಮೇಲೆ. ನಮ್ಮ ವಕೀಲರ ಬಾಯಲ್ಲಿ ಅದು ‘ಜಿ ಅಂಡ್ ಡಬ್ಲ್ಯು’. ಅದರ 9ನೇ ಕಲಂ ಹೇಳುವುದಿಷ್ಟು: ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಜಾಗದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಈ ಮಾತಿನ ತಿರುಳು ಒಳ್ಳೆಯದು. ತಂದೆಯ ಮನೆ ಯಾವುದು, ತಾಯಿಯ ತವರು ಯಾವುದು, ಮದುವೆ ಎಲ್ಲಾಯಿತು ಎಂದು ಕಾನೂನು ಕೇಳುವುದಿಲ್ಲ, ಮಗು ಎಲ್ಲಿತ್ತು ಎಂದು ಕೇಳುತ್ತದೆ. ದುಡಿಯಲು ಬೆಂಗಳೂರಿಗೆ ಹೋದ ಅಪ್ಪ ಅಮ್ಮ ಮಗುವನ್ನು ಹೊಳಲ್ಕೆರೆಯ ತಾಂಡಾದಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದರೆ ಆ ಮಗುವಿನ ಊರು ತಾಂಡಾ, ಬೆಂಗಳೂರಲ್ಲ. ಕಷ್ಟ ಶುರುವಾಗುವುದು ‘ಸಾಮಾನ್ಯವಾಗಿ ವಾಸ’ ಎಂದರೇನು ಎಂದು ಕಾನೂನು ಎಲ್ಲಿಯೂ ಹೇಳದಿರುವುದರಿಂದ. ಎಷ್ಟು ತಿಂಗಳು ಇರಬೇಕು? ಅರ್ಜಿ ಹಾಕಿದ ದಿನ ಎಲ್ಲಿತ್ತು ಎಂದು ನೋಡಬೇಕೋ, ಎತ್ತಿಕೊಂಡು ಹೋಗುವ ಹಿಂದಿನ ದಿನ ಎಲ್ಲಿತ್ತು ಎಂದು ನೋಡಬೇಕೋ? ಬೇರೆಬೇರೆ ಹೈಕೋರ್ಟುಗಳು ಎರಡೂ ರೀತಿಯಲ್ಲಿ ಹೇಳಿವೆ. ನೂರಮೂವತ್ತು ವರ್ಷ ಕಳೆದರೂ ಒಂದು ಸಾಲಿನ ವಿವರಣೆ ಸೇರಿಸಲು ಸಂಸತ್ತಿಗೆ ಪುರುಸೊತ್ತಾಗಿಲ್ಲ.

ಅದೇ ಕಲಮಿನ ಮೂರನೆಯ ಉಪಕಲಮನ್ನು ಓದಿದರೆ ಮನಸ್ಸು ಕುದಿಯುತ್ತದೆ. ಮಗುವಿನ ಆಸ್ತಿಯ ಪಾಲನೆಗೆ ಅರ್ಜಿ ಬಂದಾಗ, ಇನ್ನೊಂದು ಜಿಲ್ಲಾ ನ್ಯಾಯಾಲಯದಲ್ಲಿ ಹೆಚ್ಚು ನ್ಯಾಯವಾಗಿ ಅಥವಾ ಅನುಕೂಲವಾಗಿ ತೀರ್ಮಾನವಾಗುತ್ತದೆ ಎನ್ನಿಸಿದರೆ ನ್ಯಾಯಾಧೀಶರು ಅದನ್ನು ಹಿಂದಿರುಗಿಸಬಹುದು. ಆಸ್ತಿಗೆ ಮಾತ್ರ ಈ ವಿವೇಚನೆ. ಮಗುವಿನ ಮೈಮನಸ್ಸಿನ ಪಾಲನೆಗೆ ಅಂಥ ಅವಕಾಶ ಬರೆದಿಲ್ಲ. ಗದ್ದೆ ತೋಟ ಎಲ್ಲಿದೆ, ಯಾವ ಕಚೇರಿಗೆ ಹತ್ತಿರ ಎಂದು ಚಿಂತಿಸಿದ ಕಾನೂನು ಮಗುವಿನ ವಿಷಯದಲ್ಲಿ ಅಷ್ಟು ದೂರ ಯೋಚಿಸಲಿಲ್ಲ.

14ನೇ ಕಲಂ ಇನ್ನೂ ವಿಚಿತ್ರ. ಪಾಲಕರ ನೇಮಕಕ್ಕೆ ಒಂದಕ್ಕಿಂತ ಹೆಚ್ಚು ನ್ಯಾಯಾಲಯಗಳಲ್ಲಿ ಅರ್ಜಿ ಇದ್ದರೆ ಎಲ್ಲವೂ ತಮ್ಮತಮ್ಮ ವಿಚಾರಣೆಯನ್ನು ನಿಲ್ಲಿಸಬೇಕು. ಎಲ್ಲವೂ ಒಂದೇ ಹೈಕೋರ್ಟಿನ ಕೆಳಗಿದ್ದರೆ ಯಾವುದು ನಡೆಸಬೇಕೆಂದು ಹೈಕೋರ್ಟ್ ಹೇಳುತ್ತದೆ. ಇಲ್ಲದಿದ್ದರೆ ಆಯಾ ನ್ಯಾಯಾಲಯಗಳು ತಮ್ಮ ರಾಜ್ಯ ಸರ್ಕಾರಕ್ಕೆ ವರದಿ ಮಾಡಿ ಅದರ ಆದೇಶದಂತೆ ನಡೆಯಬೇಕು! ಚಿತ್ರದುರ್ಗದ ನ್ಯಾಯಾಧೀಶರು ವಿಧಾನಸೌಧಕ್ಕೆ ಬರೆಯಬೇಕು, ಅನಂತಪುರದವರು ಅಮರಾವತಿಯ ಸಚಿವಾಲಯಕ್ಕೆ ಬರೆಯಬೇಕು. ಎರಡು ಸರ್ಕಾರಗಳು ಒಂದೇ ಮಾತು ಹೇಳದಿದ್ದರೆ ಮುಂದೇನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಪ್ರಾಂತ್ಯಗಳೆಲ್ಲ ಬ್ರಿಟಿಷ್ ಆಳ್ವಿಕೆಯ ಕೆಳಗಿದ್ದು ಕಾರ್ಯಾಂಗಕ್ಕೂ ನ್ಯಾಯಾಂಗಕ್ಕೂ ಇವತ್ತಿನ ಅಂತರ ಇಲ್ಲದ ಕಾಲದ ಏರ್ಪಾಡು ಇದು. ಸಂವಿಧಾನ ಬಂದ ಮೇಲೂ ಅದನ್ನು ತೆಗೆಯಲಿಲ್ಲ. 25ನೇ ಕಲಂ ಪಾಲಕರಿಂದ ದೂರವಾದ ಮಗುವನ್ನು ‘ಬಂಧಿಸಿ’ ಒಪ್ಪಿಸಲು ಅಧಿಕಾರ ಕೊಡುತ್ತದೆ. ಹಾಗೆ ಬಂಧಿಸಲು ನ್ಯಾಯಾಧೀಶರು ಬಳಸಬೇಕಾದ ಅಧಿಕಾರ 1882ರ ದಂಡ ಪ್ರಕ್ರಿಯಾ ಸಂಹಿತೆಯದು ಎಂದು ಅಲ್ಲಿ ಅಚ್ಚಾಗಿದೆ. ಆ ಸಂಹಿತೆ ಹೋಗಿ 1898ರದು ಬಂತು, ಅದು ಹೋಗಿ 1973ರದು ಬಂತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯೂ ಬಂತು. ಮಕ್ಕಳ ಕಾಯಿದೆಯೊಳಗಿನ 1882 ಮಾತ್ರ ಅಲುಗಿಲ್ಲ. ದಂಡ ಸಂಹಿತೆಯನ್ನು ಪೂರ್ತಿ ಹೊಸದಾಗಿ ಬರೆಯಲು ಸಂಸತ್ತಿಗೆ ಸಾಧ್ಯವಾಯಿತು. ಇದನ್ನು ಮುಟ್ಟಲು ಆಗಲಿಲ್ಲ.

ಹಳೆಯ ಕಾನೂನಿನ ಜೊತೆಗೆ ಹೊಸ ಕಾನೂನುಗಳೂ ಬಂದವು. ಒಂದಕ್ಕೊಂದು ಹೊಂದಿಸಿ ಬರೆಯಲಿಲ್ಲ. ಹಿಂದೂ ವಿವಾಹ ಕಾಯಿದೆಗೆ 2003ರಲ್ಲಿ ಬಂದ ತಿದ್ದುಪಡಿಯಂತೆ ಹೆಂಡತಿ ತಾನಿರುವ ಊರಿನಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. ಅದರೊಳಗೇ 26ನೇ ಕಲಮಿನಡಿ ಮಗುವಿನ ಸುಪರ್ದಿಯನ್ನೂ ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೆ ನೊಂದ ಹೆಣ್ಣುಮಗಳು ತಾತ್ಕಾಲಿಕವಾಗಿ ನೆಲೆಸಿರುವ ಜಾಗದ ಮ್ಯಾಜಿಸ್ಟ್ರೇಟರೂ ಮಗುವಿನ ತಾತ್ಕಾಲಿಕ ಸುಪರ್ದಿಯ ಆದೇಶ ಕೊಡಬಹುದು. ಸಂವಿಧಾನದ 226ನೇ ವಿಧಿ ಹಿಡಿದು ಮಗುವನ್ನು ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವವರೂ ಇದ್ದಾರೆ. ಹೀಗೆ ಒಂದೇ ಮಗುವಿನ ಮೇಲೆ ನಾಲ್ಕು ಬಾಗಿಲುಗಳಲ್ಲಿ, ಎರಡು ರಾಜ್ಯಗಳಲ್ಲಿ ಪ್ರಕರಣ ನಡೆಯಬಹುದು. ಒಬ್ಬ ನ್ಯಾಯಾಧೀಶರಿಗೆ ಇನ್ನೊಬ್ಬರು ಏನು ಆದೇಶ ಮಾಡಿದ್ದಾರೆ ಎಂಬುದು ಎದುರಾಳಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಗೊಂದಲದಲ್ಲಿ ಲಾಭ ಯಾರಿಗೆ? ತಡ ಮಾಡಬಲ್ಲವರಿಗೆ. ಮಗುವನ್ನು ಎತ್ತಿಕೊಂಡು ಇನ್ನೊಂದು ರಾಜ್ಯಕ್ಕೆ ಹೋದವರು ಮೊದಲು ಮಾಡುವ ಕೆಲಸ ಅಲ್ಲಿನ ಶಾಲೆಗೆ ಸೇರಿಸುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ, ಅನುದಾನಿತ ಶಾಲೆಯೂ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಅದು ಸರಿಯಾದ ನಿಯಮ, ಮಗುವಿನ ಓದು ನಿಲ್ಲಬಾರದು. ಆದರೆ ಆಮೇಲೆ ನ್ಯಾಯಾಲಯದಲ್ಲಿ ವ್ಯಾಪ್ತಿಯ ತಕರಾರು ಎದ್ದು, ವಾಯಿದೆಯ ಮೇಲೆ ವಾಯಿದೆ ಬಿದ್ದು, ವರ್ಷ ಕಳೆದ ಮೇಲೆ ಅದೇ ಶಾಲೆಯ ಹಾಜರಿಯನ್ನು ಮುಂದಿಟ್ಟು ‘ಮಗು ಇಲ್ಲೇ ಸಾಮಾನ್ಯವಾಗಿ ವಾಸವಾಗಿದೆ ಸ್ವಾಮಿ’ ಎಂದು ವಾದಿಸುತ್ತಾರೆ. ಅಷ್ಟು ಹೊತ್ತಿಗೆ ಅದು ನಿಜವೂ ಆಗಿಬಿಟ್ಟಿರುತ್ತದೆ. ಮಗುವಿಗೆ ಅಲ್ಲಿ ಗೆಳೆಯರಾಗಿರುತ್ತಾರೆ, ಅಲ್ಲಿನ ಮಾತು ನಾಲಿಗೆಗೆ ಹತ್ತಿರುತ್ತದೆ, ಬಿಟ್ಟುಬಂದವರ ಮುಖ ಮಸುಕಾಗಿರುತ್ತದೆ. ನ್ಯಾಯಾಧೀಶರು ಆಗ ಮಗುವನ್ನು ಕಿತ್ತು ಹಿಂದಕ್ಕೆ ಕಳಿಸಿದರೆ ಮಗುವಿಗೆ ನೋವು, ಕಳಿಸದಿದ್ದರೆ ಕಳ್ಳತನಕ್ಕೆ ಮುದ್ರೆ. ಆ ಇಕ್ಕಟ್ಟು ವಿಧಿ ತಂದದ್ದಲ್ಲ. ತಡದಿಂದ ತಯಾರಾದದ್ದು.

ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಇದರ ಗುರುತುಗಳಿವೆ. 2011ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳಾದ ವಿ.ಎಸ್. ಸಿರ್ಪೂರ್ಕರ್ ಮತ್ತು ಟಿ.ಎಸ್. ಠಾಕೂರ್ ಅವರ ಪೀಠದ ಮುಂದೆ ಬಂದದ್ದು ಅಮೆರಿಕದಿಂದ ದೆಹಲಿಗೆ ಬಂದ ಹುಡುಗನೊಬ್ಬನ ಪ್ರಕರಣ. ದೆಹಲಿಯ ನ್ಯಾಯಾಲಯಕ್ಕೆ ವ್ಯಾಪ್ತಿ ಇಲ್ಲವೆಂದು ಹೈಕೋರ್ಟ್ ಹೇಳಿತ್ತು, ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಾಮಾನ್ಯ ವಾಸ ಎನ್ನುವುದು ಮುಖ್ಯವಾಗಿ ಉದ್ದೇಶದ ಪ್ರಶ್ನೆ, ಆ ಉದ್ದೇಶವನ್ನು ಸಂಗತಿಗಳಿಂದ ತಿಳಿಯಬೇಕು ಎಂದು ತೀರ್ಪು ವಿವರಿಸಿತು. ಹುಡುಗ 2008ರಲ್ಲಿ ದೆಹಲಿಗೆ ಬಂದವನು. ನ್ಯಾಯಾಲಯಕ್ಕೆ ಅಧಿಕಾರ ಇದೆಯೇ ಎಂಬ ಬಾಗಿಲಿನ ಪ್ರಶ್ನೆ ಮುಗಿಯುವ ಹೊತ್ತಿಗೆ ಅವನು ಸುಮಾರು ಮೂರು ವರ್ಷ ಅಲ್ಲಿನ ಶಾಲೆಯಲ್ಲಿ ಓದಿಯಾಗಿತ್ತು. ಆ ತೀರ್ಪಿನ ಸರಿತಪ್ಪನ್ನು ನಾವಿಲ್ಲಿ ಅಳೆಯುತ್ತಿಲ್ಲ. ಆದರೆ ಉದ್ದೇಶ ಎಂಬ ಅಳತೆಗೋಲು ಚಿಕ್ಕ ಮಗುವಿಗೆ ಹೊಂದುವುದಿಲ್ಲ ಎಂದು ಗೌರವದಿಂದಲೇ, ಗಟ್ಟಿಯಾಗಿ ಹೇಳುತ್ತೇವೆ. ನಾಲ್ಕು ವರ್ಷದ ಮಗುವಿಗೆ ಎಲ್ಲಿ ನೆಲೆಸಬೇಕೆಂಬ ಉದ್ದೇಶ ಇರುವುದಿಲ್ಲ. ಅಲ್ಲಿ ಅಳೆಯುವುದು ದೊಡ್ಡವರ ಉದ್ದೇಶವನ್ನು, ಅದರಲ್ಲೂ ಮಗುವನ್ನು ಕೈಯಲ್ಲಿ ಹಿಡಿದವರ ಉದ್ದೇಶವನ್ನು. 2019ರಲ್ಲಿ ಹೈದರಾಬಾದಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೆಚ್ಚು ನೇರವಾದ ದಾರಿ ಹಿಡಿಯಿತು. ಅಮೆರಿಕದಲ್ಲಿ ಬೆಳೆದ ಮಕ್ಕಳನ್ನು ಕರೆತಂದ ಕೆಲವೇ ವಾರಗಳಲ್ಲಿ ಹಾಕಿದ ಅರ್ಜಿಯನ್ನು ವಿಚಾರಿಸುವ ವ್ಯಾಪ್ತಿ ಹೈದರಾಬಾದಿನ ಕೌಟುಂಬಿಕ ನ್ಯಾಯಾಲಯಕ್ಕೆ ಇಲ್ಲ ಎಂದಿತು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಅಮೆರಿಕದಲ್ಲಿ ನೆಲೆಸಿದ್ದ ಕನ್ನಡದ ಕುಟುಂಬ. ತಾಯಿ 2020ರ ಮಾರ್ಚ್‌ನಲ್ಲಿ ಮಗುವಿನೊಂದಿಗೆ ಬೆಂಗಳೂರಿಗೆ ಬಂದರು. ತಂದೆ ಹೇಬಿಯಸ್ ಕಾರ್ಪಸ್ ಹಾಕಿದರು. ಕರ್ನಾಟಕ ಹೈಕೋರ್ಟಿನಿಂದ ಮೇಲಕ್ಕೆ ಹೋದ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಸಿ.ಟಿ. ರವಿಕುಮಾರ್ ಅವರು 2022ರ ಜುಲೈ 29ರಂದು ತೀರ್ಪಿತ್ತು, ಮಗು ಅಮೆರಿಕಕ್ಕೆ ಮರಳಬೇಕೆಂದರು. ಮಗುವಿನ ಆಸೆ ಏನು ಎಂಬುದು ಬೇರೆ, ಮಗುವಿಗೆ ಒಳಿತು ಯಾವುದು ಎಂಬುದು ಬೇರೆ, ಎರಡನ್ನೂ ಒಂದೇ ಎಂದು ಎಣಿಸಬಾರದು ಎಂದು ಆ ತೀರ್ಪು ಬಿಡಿಸಿ ಹೇಳಿತು. ಅದನ್ನು ಹೇಳುವ ಹೊತ್ತಿಗೆ ಮಗು ಬಂದು ಎರಡು ವರ್ಷದ ಮೇಲಾಗಿತ್ತು, ಮಗುವಿಗೆ ಹನ್ನೊಂದು ತುಂಬಿತ್ತು. ದೇಶದಲ್ಲೇ ದೊಡ್ಡ ನ್ಯಾಯಾಲಯದವರೆಗೆ ಹೋಗಬಲ್ಲ ಅನುಕೂಲಸ್ಥರ ಮನೆಯ ಕಥೆ ಇದು. ಅಷ್ಟಿಲ್ಲದವರ ಮಕ್ಕಳ ಬಗ್ಗೆ ತೀರ್ಪು ಬರುವುದಿಲ್ಲ, ವಯಸ್ಸು ಹದಿನೆಂಟಾಗಿ ಪ್ರಕರಣವೇ ಮುಗಿಯುತ್ತದೆ.

ವಿದೇಶದ ವಿಷಯದಲ್ಲಾದರೂ ಚರ್ಚೆ ನಡೆದಿದೆ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ 218ನೇ ವರದಿಯಲ್ಲಿ ಹೇಳಿತು. 2016ರಲ್ಲಿ 263ನೇ ವರದಿಯಲ್ಲಿ ಮಸೂದೆಯನ್ನೂ ತಿದ್ದಿಕೊಟ್ಟಿತು. ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಭಾರತ ಇನ್ನೂ ಆ ಒಪ್ಪಂದಕ್ಕೆ ಸೇರಿಲ್ಲ. ಸೇರಬೇಕೋ ಬೇಡವೋ ಎಂಬುದಕ್ಕೆ ಎರಡೂ ಕಡೆ ತೂಕದ ವಾದಗಳಿವೆ, ಅದನ್ನು ಇನ್ನೊಂದು ದಿನ ಬರೆಯುತ್ತೇವೆ. ಇಲ್ಲಿ ಕೇಳಬೇಕಾದ್ದು ಬೇರೆ. ನ್ಯೂಜೆರ್ಸಿಗೂ ಬೆಂಗಳೂರಿಗೂ ನಡುವಿನ ಮಗುವಿಗಾಗಿ ಇಷ್ಟು ವರದಿಗಳು ಬಂದವು. ಮೊಳಕಾಲ್ಮೂರಿಗೂ ರಾಯದುರ್ಗಕ್ಕೂ, ಬೆಳಗಾವಿಗೂ ಕೊಲ್ಲಾಪುರಕ್ಕೂ, ಮಂಗಳೂರಿಗೂ ಕಾಸರಗೋಡಿಗೂ ನಡುವಿನ ಮಗುವಿಗೆ ಒಂದು ನೇರ ನಿಯಮ ಬರೆಯಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಿಲ್ಲ. ಒಂದೇ ಸಂವಿಧಾನ, ಒಂದೇ ಸುಪ್ರೀಂ ಕೋರ್ಟ್, ಒಂದೇ ಸಂಸತ್ತು.

ಅಮೆರಿಕದ ರಾಜ್ಯಗಳಲ್ಲೂ ಒಂದು ಕಾಲದಲ್ಲಿ ಇದೇ ಗತಿ ಇತ್ತು. ಒಂದು ರಾಜ್ಯದಲ್ಲಿ ಸೋತವರು ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಪಕ್ಕದ ರಾಜ್ಯಕ್ಕೆ ಹೋಗಿ ಹೊಸ ಆದೇಶ ತರುತ್ತಿದ್ದರು. 1968ರಲ್ಲಿ ಮಾದರಿ ಕಾನೂನೊಂದು ಬಂತು, 1980ರಲ್ಲಿ ಒಕ್ಕೂಟ ಸರ್ಕಾರದ ಕಾನೂನು ಬಂತು, 1997ರಲ್ಲಿ ಎರಡನ್ನೂ ಸರಿಹೊಂದಿಸಿದ ಹೊಸ ಮಾದರಿ ಬಂತು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಅದನ್ನು ತಮ್ಮದಾಗಿಸಿಕೊಂಡವು. ನಿಯಮ ಸರಳ: ಅರ್ಜಿಗೆ ಮುಂಚಿನ ಆರು ತಿಂಗಳು ಸತತವಾಗಿ ಮಗು ಯಾವ ರಾಜ್ಯದಲ್ಲಿತ್ತೋ ಅದೇ ಮಗುವಿನ ಮನೆ ರಾಜ್ಯ. ಒಬ್ಬರು ಮಗುವನ್ನು ಹೊರಗೆ ಒಯ್ದರೂ, ಇನ್ನೊಬ್ಬರು ಅಲ್ಲೇ ಇದ್ದರೆ, ಇನ್ನೂ ಆರು ತಿಂಗಳು ಆ ರಾಜ್ಯದ ಅಧಿಕಾರ ತಪ್ಪುವುದಿಲ್ಲ. ಕಳೆದ ಐದು ವರ್ಷ ಮಗು ಎಲ್ಲೆಲ್ಲಿತ್ತು, ಯಾರ ಜೊತೆ ಇತ್ತು, ಬೇರೆಲ್ಲಿ ಪ್ರಕರಣ ಇದೆ ಎಂದು ಅರ್ಜಿದಾರರು ಪ್ರಮಾಣಪತ್ರ ಕೊಡಬೇಕು. ಎರಡು ರಾಜ್ಯಗಳ ನ್ಯಾಯಾಧೀಶರು ಪರಸ್ಪರ ನೇರವಾಗಿ ಮಾತಾಡಿಕೊಂಡು ಯಾರು ಮುಂದುವರಿಸಬೇಕೆಂದು ತೀರ್ಮಾನಿಸಬಹುದು. ಹೊಡೆತ ಬಡಿತದಿಂದ ತಪ್ಪಿಸಿಕೊಂಡು ಬಂದವರಿಗೆ ಬಂದ ರಾಜ್ಯದಲ್ಲೇ ತುರ್ತು ಆದೇಶ ಸಿಗುತ್ತದೆ.

ಈ ಕೊನೆಯ ಮಾತನ್ನು ನಾವು ಒತ್ತಿ ಹೇಳಬೇಕು. ಏಟು ತಿಂದು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಾತ್ರಿ ಬಸ್ಸು ಹತ್ತಿ ತವರಿಗೆ ಬಂದ ತಾಯಿಯನ್ನು ಅಪಹರಣಕಾರಳು ಎನ್ನುವ ಯಾವ ನಿಯಮವನ್ನೂ ಈ ಪತ್ರಿಕೆ ಒಪ್ಪುವುದಿಲ್ಲ. ಮಗು ಬೆಳೆದ ಊರಿನಲ್ಲೇ ವಿಚಾರಣೆ ಎಂದರೆ ತಾಯಿ ಆ ಊರಿಗೆ, ಆ ಮನೆಯ ಎದುರಿಗೆ ಹೋಗಿ ನಿಲ್ಲಬೇಕು ಎಂದಾಗಬಾರದು. ಅದಕ್ಕೆ ದಾರಿ ಇದೆ. ವಿಡಿಯೊ ವಿಚಾರಣೆಯನ್ನು ಕೋವಿಡ್ ಕಾಲದಲ್ಲಿ ನ್ಯಾಯಾಲಯಗಳು ರೂಢಿ ಮಾಡಿಕೊಂಡವು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವೈವಾಹಿಕ ಪ್ರಕರಣಗಳ ವರ್ಗಾವಣೆಗೆ ಬದಲು ವಿಡಿಯೊ ಬಳಸಬಹುದೆಂದಿತ್ತು. ಅಕ್ಟೋಬರ್ 9ರಂದು ತ್ರಿಸದಸ್ಯ ಪೀಠ ಎರಡಕ್ಕೊಂದರ ಬಹುಮತದಿಂದ ಅದನ್ನು ತಡೆದು, ರಾಜಿ ವಿಫಲವಾದ ಮೇಲೆ ಇಬ್ಬರೂ ಒಪ್ಪಿ ಕೇಳಿದರೆ ಮಾತ್ರ ಎಂದು ಬಿಗಿ ಮಾಡಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಭಿನ್ನಮತ ಬರೆದರು. ಕೋವಿಡ್ ಕಳೆದ ಮೇಲೆ ಆ ಭಿನ್ನಮತವೇ ಸರಿ ಎಂಬುದು ನಮ್ಮ ಅಭಿಪ್ರಾಯ. ತಾಯಿ ತವರಿನ ನ್ಯಾಯಾಲಯದ ಕೊಠಡಿಯಲ್ಲಿ ಕುಳಿತು ಹೇಳಿಕೆ ಕೊಡಲಿ. ಮಗುವಿನ ಬದುಕನ್ನು ಬಲ್ಲ ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಪಕ್ಕದ ಮನೆಯವರು ಮಗು ಬೆಳೆದ ಊರಿನಲ್ಲೇ ಇದ್ದಾರೆ, ಅವರು ಅಲ್ಲಿನ ನ್ಯಾಯಾಧೀಶರ ಮುಂದೆ ನುಡಿಯಲಿ. ಅವರನ್ನು ಇನ್ನೊಂದು ರಾಜ್ಯಕ್ಕೆ, ತಮಗೆ ಬಾರದ ಭಾಷೆಯ ನ್ಯಾಯಾಲಯಕ್ಕೆ ಕರೆಸಿದರೆ ಬರುವುದಿಲ್ಲ, ಸತ್ಯವೂ ಬರುವುದಿಲ್ಲ.

ಆದರೆ ಇನ್ನೊಂದು ಬಗೆಯವರಿದ್ದಾರೆ. ಜೀವನಾಂಶ ತಪ್ಪಿಸಲು ಮಗುವನ್ನು ಅಜ್ಜಿಯ ಮನೆಗೆಂದು ಕರೆದೊಯ್ದು ಗಡಿ ದಾಟಿಸುವ ತಂದೆ. ಅತ್ತೆಮನೆಯವರಿಗೆ ಬುದ್ಧಿ ಕಲಿಸಲು ಫೋನು ಆರಿಸಿ ಮಗುವನ್ನು ಮರೆಮಾಡುವ ತಾಯಿ. ಮೊಮ್ಮಗನನ್ನು ವಂಶದ ಸ್ವತ್ತೆಂದು ಕಾಯುವ ಹಿರಿಯರು. ಠಾಣೆಗೆ ಹೋದರೆ ‘ಇದು ಸಿವಿಲ್ ವಿಚಾರ, ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಮಗುವನ್ನು ಹೀಗೆ ಬಳಸುವುದು ಮಗುವಿನ ಮೇಲಿನ ಹಿಂಸೆ. ಅದನ್ನು ‘ಗಂಡಹೆಂಡಿರ ಜಗಳ’ ಎಂದು ಸಣ್ಣದು ಮಾಡುವವರೆಲ್ಲ ಅದರಲ್ಲಿ ಪಾಲುದಾರರು. ಇಂಥ ಅರ್ಜಿಗೆ ‘ತಡ ಮಾಡಿಸಿದರೆ ಸಾಕು, ಗೆಲ್ಲುತ್ತೇವೆ’ ಎಂದು ಸಲಹೆ ಕೊಡುವ ವಕೀಲರಿಗೂ ಈ ಮಾತು ಅನ್ವಯಿಸುತ್ತದೆ.

ಮಾಡಬೇಕಾದ್ದು ಕಷ್ಟದ್ದಲ್ಲ. ಸಂಸತ್ತು 9ನೇ ಕಲಮಿಗೆ ವಿವರಣೆ ಸೇರಿಸಿ, ತಕರಾರು ಹುಟ್ಟುವ ಮುಂಚಿನ ಆರು ತಿಂಗಳು ಮಗು ಎಲ್ಲಿತ್ತೋ ಅದೇ ಸಾಮಾನ್ಯ ವಾಸವೆಂದು, ಒಪ್ಪಿಗೆಯಿಲ್ಲದೆ ಒಯ್ದ ಮೇಲಿನ ದಿನಗಳು ಲೆಕ್ಕಕ್ಕಿಲ್ಲವೆಂದು, ಜೀವಭಯದಿಂದ ಬಂದವರಿಗೆ ಬಂದಲ್ಲೇ ರಕ್ಷಣೆಯೆಂದು ಬರೆಯಬೇಕು. 14ನೇ ಕಲಮಿನಿಂದ ರಾಜ್ಯ ಸರ್ಕಾರಗಳನ್ನು ತೆಗೆದು, ಎರಡು ಹೈಕೋರ್ಟುಗಳು ಸೇರಿ ತೀರ್ಮಾನಿಸುವ ಏರ್ಪಾಡು ಮಾಡಬೇಕು. ಸಂಸತ್ತು ಏಳುವವರೆಗೆ ಕಾಯಬೇಕೆಂದೂ ಇಲ್ಲ. ಅಪ್ರಾಪ್ತರ ವಿಷಯ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿದೆ. ಕರ್ನಾಟಕದ ವಿಧಾನಮಂಡಲ ತನ್ನ ಮಟ್ಟಿಗೆ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಕೇಳಬಹುದು. ಆಂಧ್ರ ಅದರಿಂದ ಕಟ್ಟುಬೀಳುವುದಿಲ್ಲ, ನಿಜ. ಆದರೆ ನಮ್ಮ ನ್ಯಾಯಾಲಯಗಳು ಕದ್ದುತಂದ ಮಗುವಿಗೆ ಆಶ್ರಯದ ಕೋಟೆಯಾಗುವುದು ತಪ್ಪುತ್ತದೆ.

ಹೈಕೋರ್ಟಿಗಂತೂ ಯಾರ ಅಪ್ಪಣೆಯೂ ಬೇಡ. 1890ರ ಕಾಯಿದೆಯ 50ನೇ ಕಲಂ, 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯ 21ನೇ ಕಲಂ ಎರಡೂ ನಿಯಮ ರಚಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿವೆ. ಹಿಂದೆ ಬೇರೆ ನ್ಯಾಯಾಲಯಕ್ಕೆ ಅರ್ಜಿ ಹೋಗಿತ್ತೇ ಎಂದು 10ನೇ ಕಲಂ ಈಗಾಗಲೇ ಕೇಳುತ್ತದೆ. ಅದರ ಜೊತೆಗೆ ಐದು ವರ್ಷ ಮಗು ಇದ್ದ ಜಾಗಗಳ ಪ್ರಮಾಣಪತ್ರವನ್ನೂ ಕಡ್ಡಾಯ ಮಾಡಲಿ. ತಾಯಿ ಕಾರ್ಡ್, ಅಂಗನವಾಡಿಯ ದಾಖಲೆ, ಶಾಲೆಯ ಹಾಜರಿ ಪುಸ್ತಕ, ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ಸಂಖ್ಯೆ ಇವೆಲ್ಲ ಸರ್ಕಾರದ ಬಳಿಯೇ ಇವೆ, ಮಗು ಎಲ್ಲಿತ್ತೆಂದು ತಿಳಿಯಲು ವರ್ಷಗಟ್ಟಲೆ ಸಾಕ್ಷಿ ವಿಚಾರಣೆ ಬೇಕಿಲ್ಲ. ವ್ಯಾಪ್ತಿಯ ತಕರಾರು ಬಂದರೆ ಮೂವತ್ತು ದಿನದೊಳಗೆ ಆದೇಶ ಆಗಬೇಕು. ಆ ಮೂವತ್ತು ದಿನವೂ ಮಗುವಿಗೆ ದೂರವಾದ ತಂದೆಯೊಂದಿಗೋ ತಾಯಿಯೊಂದಿಗೋ ದಿನಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿ ಮಾತಾಡುವ ಅವಕಾಶವನ್ನು ಮೊದಲ ವಾಯಿದೆಯಂದೇ, 12ನೇ ಕಲಮಿನ ಮಧ್ಯಂತರ ಅಧಿಕಾರ ಬಳಸಿ ಕೊಡಬೇಕು. ಚಿತ್ರದುರ್ಗದ ನ್ಯಾಯಾಧೀಶರು ಇದನ್ನು ನಾಳೆಯಿಂದಲೇ ಮಾಡಬಹುದು. ಮುಂದಿನ ಅಧಿವೇಶನದಲ್ಲಿ ಈ ತಿದ್ದುಪಡಿಯ ಪ್ರಶ್ನೆ ಎತ್ತಬೇಕಾದವರು ಗಡಿಯ ಎರಡೂ ಕಡೆಯ ಸಂಸದರು. ಎತ್ತಿದರೋ ಇಲ್ಲವೋ ಎಂಬುದನ್ನು ಈ ಅಂಕಣದಲ್ಲಿ ಹೆಸರು ಹಿಡಿದು ಬರೆಯುತ್ತೇವೆ.